ಸಹಾಯ ಬೇಕು: ಮದರ್‌ಬೋರ್ಡ್‌ನ ಲೇನ್ ಲೆಕ್ಕ ಸರಿಯಿದೆಯಾ?

ನಮಸ್ಕಾರ. ಉಡುಪಿಯಲ್ಲಿ ಯಕ್ಷಗಾನದ ವಿಡಿಯೊ ಎಡಿಟ್ ಮಾಡುತ್ತೇನೆ. ಇಡೀ ರಾತ್ರಿಯ ಆಟ, ಮೂರು ಕ್ಯಾಮೆರಾ. ಹಳೇ ಕಂಪ್ಯೂಟರ್‌ನಿಂದ ಇನ್ನು ಆಗುವುದಿಲ್ಲ.

ಎಎಂಡಿಯ ರೈಜನ್ ಪ್ರೊಸೆಸರ್ ಕೂರುವ ಎಕ್ಸ್870ಇ ಬೋರ್ಡ್ ಒಂದನ್ನು ನೋಡಿಟ್ಟಿದ್ದೇನೆ. ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ನಾಲ್ಕಿವೆ. ಆದರೆ ಎರಡನೆಯದಕ್ಕೆ ಎಸ್‌ಎಸ್‌ಡಿ ಹಾಕಿದರೆ ಗ್ರಾಫಿಕ್ಸ್ ಕಾರ್ಡ್ 16 ಲೇನ್‌ನಿಂದ (ಡೇಟಾ ಹೋಗಿಬರುವ ಪಿಸಿಐಇ ದಾರಿ) 8ಕ್ಕೆ ಇಳಿಯುತ್ತದೆ ಅಂತ ಮ್ಯಾನುಯಲ್‌ನ ಮೂಲೆಯಲ್ಲಿ ಸಣ್ಣಕ್ಕೆ ಬರೆದಿದ್ದಾರೆ. ರೈಜನ್ 9000 ಪ್ರೊಸೆಸರ್‌ನ 28 ಲೇನ್‌ಗಳಲ್ಲಿ 4 ಚಿಪ್‌ಸೆಟ್‌ಗೆ (ಬೋರ್ಡಿನ ಉಳಿದ ಸ್ಲಾಟ್, ಪೋರ್ಟ್‌ಗಳನ್ನು ನೋಡಿಕೊಳ್ಳುವ ಚಿಪ್), 4 ಯುಎಸ್‌ಬಿ4 ಪೋರ್ಟ್‌ಗೆ. ಕಾರ್ಡಿಗೆ 16, ಒಂದು ಎಸ್‌ಎಸ್‌ಡಿಗೆ 4. ಅಲ್ಲಿಗೆ ಮುಗೀತು, ಅಲ್ವಾ?

ಉಳಿದ ಎರಡು ಸ್ಲಾಟ್ ಚಿಪ್‌ಸೆಟ್‌ನವು. ಅವೆರಡಕ್ಕೂ ಸೇರಿ ಪ್ರೊಸೆಸರ್‌ಗೆ ದಾರಿ ಪಿಸಿಐಇ 4.0ರ 4 ಲೇನ್ ಮಾತ್ರ. ಅಲ್ಲಿಂದ ಮೂರು ಕ್ಯಾಮೆರಾದ ಫೈಲ್ ಒಟ್ಟಿಗೆ ಓಡಿಸಿದರೆ ತಡವರಿಸುತ್ತದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮಣಿಪಾಲ, ಮಂಗಳೂರು ಕಡೆ ಯಾರ ಹತ್ತಿರವಾದರೂ ಇಂಥ ಬೋರ್ಡ್ ಇದ್ದರೆ ಬಂದು ನೋಡಬಹುದಾ? ಎಸ್‌ಎಸ್‌ಡಿ, ಫೈಲ್ ಎಲ್ಲ ನಾನೇ ತರುತ್ತೇನೆ.