ಚಾರಣದ ಸ್ಟವ್‌ಗೆ ಬಿಲ್ಲೆಯೋ, ಸ್ಪಿರಿಟ್ಟೋ? ಮಾಷ್ಟ್ರಲ್ಲಿ ಕೇಳಿದ್ದು

ಪ್ರಶ್ನೆ, ಬದಿಯಡ್ಕದಿಂದ:

ನಮಸ್ಕಾರ ಮಾಷ್ಟ್ರೇ. ನೀವು ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವರು, ರಜೆಯಲ್ಲಿ ಚಾರಣಕ್ಕೂ ಜನ ಕರೆದುಕೊಂಡು ಹೋಗುವವರು. ಹಾಗಾಗಿ ನಿಮ್ಮಲ್ಲೇ ಕೇಳುವ ಅಂತ. ಡಿಸೆಂಬರ್ ರಜೆಗೆ ನಾನು, ನನ್ನ ಭಾವ ಇಬ್ಬರು ಬೈಕಿನಲ್ಲಿ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾರಿಯಾಗಿ ಮಡಿಕೇರಿ ಕಡೆ ಹೊರಟಿದ್ದೇವೆ. ಅಲ್ಲಿ ಭಾವನ ದೋಸ್ತಿಯದ್ದೊಂದು ಕಾಫಿ ತೋಟ ಉಂಟು. ತೋಟದ ಮೇಲಿನ ಬಯಲಿನಲ್ಲಿ ಎರಡು ರಾತ್ರಿ ಟೆಂಟ್ ಹಾಕುವ ಯೋಚನೆ. ರಸ್ತೆಯಿಂದ ಮೇಲೆ ಹೊತ್ತುಕೊಂಡೇ ಹೋಗಬೇಕು. ಚಾ, ರಾತ್ರಿಗೆ ಸ್ವಲ್ಪ ಗಂಜಿ, ಅಷ್ಟೇ ನಮ್ಮ ಅಡುಗೆ. ಗ್ಯಾಸ್ ಬೇಡ ಅಂತ ಮಾಡಿದ್ದೇವೆ. ನೆಟ್‌ನಲ್ಲಿ ಕೆಲವರು ಹೆಕ್ಸಾಮೈನ್ ಅನ್ನುವ ಗಟ್ಟಿ ಇಂಧನದ ಬಿಲ್ಲೆ ಹಗುರ ಅನ್ನುತ್ತಾರೆ, ಕೆಲವರು ಸ್ಪಿರಿಟ್ ಸ್ಟವ್ ಹಗುರ ಅನ್ನುತ್ತಾರೆ. ಯಾವುದು ತಕ್ಕೊಳ್ಳುವುದು?

ಉತ್ತರ:

ನಿಮ್ಮ ಪ್ರವಾಸಕ್ಕೆ ಬಿಲ್ಲೆ. ಆದರೆ ಅದು ಹಗುರ ಅಂತ ಅಲ್ಲ.

ಮೊದಲು ತೂಕದ ಲೆಕ್ಕ ಮುಗಿಸಿಬಿಡುವ. ನಮ್ಮಲ್ಲಿ ನೀರು ಸುಮಾರು 25 ಡಿಗ್ರಿ ಇರುತ್ತದೆ ಅಂತ ಇಟ್ಟುಕೊಳ್ಳಿ. ಅರ್ಧ ಲೀಟರ್ ನೀರು ಕುದಿಯಲು ಸುಮಾರು 157 ಕಿಲೋಜೂಲ್ ಶಾಖ ಬೇಕು. ಒಂದು ದೊಡ್ಡ ಹೆಕ್ಸಾಮೈನ್ ಬಿಲ್ಲೆ 14 ಗ್ರಾಂ. ಒಂದು ಗ್ರಾಂನಲ್ಲಿ ಸುಮಾರು 30 ಕಿಲೋಜೂಲ್ ಇರುತ್ತದೆ. ಅಂದರೆ ಒಂದು ಬಿಲ್ಲೆಯಲ್ಲಿ 420. ಅರ್ಧಕ್ಕಿಂತ ಜಾಸ್ತಿ ಶಾಖ ಗಾಳಿಗೆ ಹೋದರೂ ನೀರು ಕುದಿಯುತ್ತದೆ, ಗಾಳಿಗೆ ಮರೆ ಇದ್ದರೆ ಮಾತ್ರ. ಇನ್ನು ಸ್ಪಿರಿಟ್. ಅದರಲ್ಲಿ ಮುಖ್ಯವಾಗಿ ಇರುವುದು ಎಥನಾಲ್ ಅನ್ನುವ ಆಲ್ಕೋಹಾಲ್. ಅದರ ಒಂದು ಗ್ರಾಂಗೆ ಸುಮಾರು 27 ಕಿಲೋಜೂಲ್. ಅದೇ 420 ಬೇಕಾದರೆ ಹೆಚ್ಚುಕಡಿಮೆ 16 ಗ್ರಾಂ, ಅಂದರೆ 20 ಮಿಲಿಲೀಟರ್ ಸುರಿಯಬೇಕು. ಹದಿನಾಲ್ಕಕ್ಕೂ ಹದಿನಾರಕ್ಕೂ ಎಂತ ವ್ಯತ್ಯಾಸ ಹೇಳಿ? ಒಂಬತ್ತು ಸಲ ನೀರು ಕುದಿಸಿದರೂ ಇಪ್ಪತ್ತು ಗ್ರಾಂ ಆಚೀಚೆ. ಸ್ಪಿರಿಟ್‌ಗೆ ಬಾಟಲಿಯ ತೂಕ ಸೇರುತ್ತದೆ. ಬಿಲ್ಲೆಯ ಮಡಚುವ ಸ್ಟವ್ ಸ್ಪಿರಿಟ್‌ನ ಡಬ್ಬಿ ಸ್ಟವ್‌ಗಿಂತ ಸ್ವಲ್ಪ ಭಾರ. ಕೂಡಿಸಿ ಕಳೆದರೆ ಸಮ ಸಮ. ಗ್ರಾಂ ಹಿಡಿದುಕೊಂಡು ಜಗಳ ಆಡುವವರು ಆಡಲಿ, ನಿಮಗೆ ಅದು ಬೇಡ.

ನೋಡಬೇಕಾದ್ದು ಒಂದೇ. ಸರಿಯಾದ ಇಂಧನ ನಿಮಗೆ ಎಲ್ಲಿ ಸಿಗುತ್ತದೆ, ಅದನ್ನು ಹಿಡಿದುಕೊಂಡು ಕೇರಳ-ಕರ್ನಾಟಕ ಗಡಿ ದಾಟಬಹುದಾ? ಯೂರೋಪಿನಲ್ಲಿ ಸ್ಟವ್‌ನ ಸ್ಪಿರಿಟ್ ಅಂಗಡಿಯಲ್ಲಿ ಬಾಟಲಿ ಲೆಕ್ಕದಲ್ಲಿ ಸಿಗುತ್ತದೆ. ಅವರು ಬರೆದದ್ದನ್ನು ಓದಿ ನಾವು ಇಲ್ಲಿ ಹುಡುಕಿದರೆ ಆಗುವುದಿಲ್ಲ. ಕೇರಳದಲ್ಲೂ ಕರ್ನಾಟಕದಲ್ಲೂ ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲಾಗದಂತೆ ಬೇರೆ ವಸ್ತು ಬೆರೆಸಿದ ಸ್ಪಿರಿಟ್, ಅಬಕಾರಿ ಇಲಾಖೆಯ ಹಿಡಿತದಲ್ಲಿದೆ. ಕೇರಳದ ಅಬ್ಕಾರಿ ಕಾಯ್ದೆ ಮಲಯಾಳ ಪಂಚಾಂಗದ ಕೊಲ್ಲವರ್ಷ 1077ರದ್ದು, ಅಂದರೆ ನೂರು ವರ್ಷಕ್ಕಿಂತ ಹಳೆಯದು, ಆದರೂ ಹಲ್ಲು ಗಟ್ಟಿ ಇದೆ. ಗಡಿಯಲ್ಲಿ ಬೈಕ್ ನಿಲ್ಲಿಸಿ ಬ್ಯಾಗ್ ತೆಗೆಸಿದರೆ, ಚೀಟಿ ಇಲ್ಲದ ಬಾಟಲಿಯಲ್ಲಿ ಸ್ಪಿರಿಟ್ ಸಿಕ್ಕಿದರೆ, "ಚಾ ಮಾಡಲಿಕ್ಕೆ ಸಾರ್" ಅಂದರೆ ಯಾರು ನಂಬುತ್ತಾರೆ?

ಬಿಲ್ಲೆಗೆ ಈ ರಗಳೆ ಇಲ್ಲ. ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ಆನ್‌ಲೈನಲ್ಲಿ ತರಿಸಬೇಕು. ಒಂದು ಕುದಿಗೆ ಬೀಳುವ ಖರ್ಚೂ ಸ್ಪಿರಿಟ್‌ಗಿಂತ ಜಾಸ್ತಿ. ಆದರೆ ಚೆಲ್ಲುವುದಿಲ್ಲ, ಸೋರುವುದಿಲ್ಲ. ಎರಡು ರಾತ್ರಿಗೆ ಹನ್ನೆರಡು ಬಿಲ್ಲೆ ಹಿಡಿಯಿರಿ, ಮೂರು ಉಳಿದರೆ ಉಳಿಯಲಿ.

ಗಂಜಿ ವಿಷಯ. ಕುಚ್ಚಲಕ್ಕಿ ಗಂಜಿಯ ಆಸೆ ಬಿಟ್ಟುಬಿಡಿ ಮಾರಾಯ್ರೇ. ಒಂದು ಬಿಲ್ಲೆ ಉರಿಯುವುದು ಹನ್ನೆರಡು ನಿಮಿಷದ ಆಸುಪಾಸು. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಬಿಲ್ಲೆಯ ಉರಿಯನ್ನು ಸಣ್ಣ ಮಾಡಲಿಕ್ಕೂ ಬರುವುದಿಲ್ಲ. ಅವಲಕ್ಕಿ ತಕ್ಕೊಂಡು ಹೋಗಿ. ಇಲ್ಲದಿದ್ದರೆ ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಸೇರಿಸಿ ಕಟ್ಟಿಕೊಳ್ಳಿ. ಕುದಿವ ನೀರು ಹಾಕಿ ಮುಚ್ಚಳ ಮುಚ್ಚಿ, ಪಾತ್ರೆಗೆ ದಪ್ಪ ಬೈರಾಸು ಸುತ್ತಿ ಹತ್ತು ನಿಮಿಷ ಇಡಿ. ಇಂಧನ ನೀರು ಕುದಿಸಲಿಕ್ಕೆ ಮಾತ್ರ, ಬೇಯಿಸುವ ಕೆಲಸ ಬೈರಾಸಿಗೆ.

ಪ್ರಶ್ನೆ, ನೀರ್ಚಾಲಿನಿಂದ:

ಮಾಷ್ಟ್ರೇ, ಬಿಲ್ಲೆ ನೋಡಲಿಕ್ಕೆ ಥೇಟ್ ಕರ್ಪೂರದ ಹಾಗೆ ಉಂಟಲ್ಲ. ಹಾಗಾದರೆ ಕರ್ಪೂರವನ್ನೇ ಉರಿಸಿದರೆ ಆಗುವುದಿಲ್ವಾ? ಯಾವ ಅಂಗಡಿಯಲ್ಲೂ ಸಿಗುತ್ತದೆ.

ಉತ್ತರ:

ಉರಿಯುತ್ತದೆ, ಅದರಲ್ಲಿ ಸಂಶಯ ಇಲ್ಲ. ಶಾಖವೂ ಹೆಕ್ಸಾಮೈನ್‌ಗಿಂತ ಕಮ್ಮಿ ಏನಲ್ಲ. ಆದರೆ ಆರತಿ ತಟ್ಟೆಯ ಮೇಲಿನ ಮಸಿ ನೋಡಿದ್ದೀರಲ್ಲ? ಕರ್ಪೂರದ ಒಂದು ಅಣುವಿನಲ್ಲಿ ಹತ್ತು ಇಂಗಾಲ, ಒಂದೇ ಒಂದು ಆಮ್ಲಜನಕ. ಅಷ್ಟು ಇಂಗಾಲ ಸಣ್ಣ ಸ್ಟವ್‌ನಲ್ಲಿ ಪೂರ್ತಿ ಉರಿಯುವಷ್ಟು ಗಾಳಿ ಸಿಗುವುದಿಲ್ಲ. ಉಳಿದದ್ದು ಕಪ್ಪಾಗಿ ಪಾತ್ರೆಗೆ, ಗಾಳಿಗೆ, ನಿಮ್ಮ ಮೂಗಿಗೆ. ಮತ್ತೆ ಕರ್ಪೂರ ಸುಮ್ನೆ ಬಿಸಿಯಲ್ಲೇ ಆವಿಯಾಗುತ್ತದೆ. ಒಂದು ಹಿಡಿ ಒಟ್ಟಿಗೆ ಇಟ್ಟರೆ ಜ್ವಾಲೆ ಒಮ್ಮೆಲೇ ಎದ್ದು ಕೈ ಸುಡುತ್ತದೆ.

ಹೆಕ್ಸಾಮೈನ್ ಬೇರೆಯೇ ವಸ್ತು. ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾ ಸೇರಿಸಿದರೆ ಬರುವುದು. 1859ರಲ್ಲಿ ರಷ್ಯಾದ ಬಟ್ಲೆರೊವ್ ಮೊದಲು ಮಾಡಿದ್ದು. ಅದನ್ನು ಒಲೆಯ ಬಿಲ್ಲೆ ಮಾಡಿದ್ದು ಜರ್ಮನಿಯ ಎರಿಕ್ ಶುಮ್, 1936ರಲ್ಲಿ. ಆ ಬಿಲ್ಲೆಯ ಬ್ರಾಂಡ್ ಎಸ್ಬಿಟ್, ಆ ಹೆಸರಿನ ಮೊದಲ ಅಕ್ಷರಗಳು ಅವನದ್ದೇ. ಅದು ಕರಗಿ ಹರಿಯುವುದಿಲ್ಲ, ಇಟ್ಟ ಜಾಗದಲ್ಲೇ ಉರಿಯುತ್ತದೆ. ಸೈನಿಕರ ಚೀಲಕ್ಕೆ ಸೇರಿದ್ದು ಅದಕ್ಕೇ.

ಕರ್ಪೂರದ ಹಾಗೆ ಕಾಣುತ್ತದೆ ಅಂತ ನೀವು ಹೇಳಿದ್ದರಲ್ಲಿ ಇನ್ನೊಂದು ಅಪಾಯ ಉಂಟು. ಬಿಲ್ಲೆಯನ್ನು ಅವಲಕ್ಕಿ, ಸಕ್ಕರೆ ಕಟ್ಟಿದ ಚೀಲದಲ್ಲಿ ಇಡಬೇಡಿ. ಮನೆಯಲ್ಲಿ ದೇವರ ಕೋಣೆಯ ಹತ್ತಿರವೂ ಬೇಡ. ಹೊಟ್ಟೆಗೆ ಹೋದರೆ ಎರಡೂ ವಿಷ. ಕರ್ಪೂರವಂತೂ ಸಣ್ಣ ಮಕ್ಕಳಿಗೆ ಸ್ವಲ್ಪ ಹೋದರೂ ಫಿಟ್ಸ್ ಬರುತ್ತದೆ. ಬಿಲ್ಲೆ ಮುಟ್ಟಿದ ಮೇಲೆ ಕೈ ತೊಳೆದೇ ಊಟ.

ಪ್ರಶ್ನೆ, ಮಂಗಲ್ಪಾಡಿಯಿಂದ:

ಸರ್, ನಾನು ಸ್ಪಿರಿಟ್ ಪಕ್ಷ. ಬಿಲ್ಲೆ ಉರಿದರೆ ಹಳಸಿದ ಮೀನಿನ ವಾಸನೆ. ಪಾತ್ರೆಯ ಅಡಿಗೆ ಅಂಟು ಅಂಟು ಕಪ್ಪು ಹಿಡಿದು ತಿಕ್ಕಿದರೂ ಹೋಗುವುದಿಲ್ಲ. ಸ್ಪಿರಿಟ್ ಎಷ್ಟು ಚೊಕ್ಕ! ನೀವು ಅದನ್ನು ಸುಮ್ನೆ ಬದಿಗೆ ಸರಿಸಿದ್ದು ಸರಿಯಲ್ಲ.

ಉತ್ತರ:

ವಾಸನೆ, ಅಂಟು ಎರಡೂ ನಿಜ. ಪಾತ್ರೆಯ ಹೊರ ಅಡಿಗೆ ಮೊದಲೇ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸವರಿಟ್ಟರೆ ಆಮೇಲೆ ಸುಲಭದಲ್ಲಿ ಹೋಗುತ್ತದೆ. ಇಲ್ಲದಿದ್ದರೆ ಪಾತ್ರೆಗೆ ಒಂದು ಬಟ್ಟೆ ಚೀಲ ಹೊಲಿಸಿ, ಕಪ್ಪು ಅದರೊಳಗೇ ಇರಲಿ. ಆ ಹೊಗೆಯಲ್ಲಿ ಫಾರ್ಮಾಲ್ಡಿಹೈಡಿನಂಥ ಕೆಟ್ಟ ಅನಿಲಗಳೂ ಇರುತ್ತವೆ. ಮುಖ ಬಗ್ಗಿಸಿ ಊದಬೇಡಿ.

ಸ್ಪಿರಿಟ್ ಸ್ಟವ್ ಒಳ್ಳೆಯದೇ. ಸ್ವೀಡನ್ನಿನ ಟ್ರಾಂಜಿಯಾ ಸ್ಟವ್ 1950ರ ದಶಕದಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ನಡೆದುಕೊಂಡು ಬಂದಿದೆ. ಹಾಳಾಗುವಂಥ ಭಾಗವೇ ಅದರಲ್ಲಿ ಇಲ್ಲ. ಮೇಲಿನ ರಿಂಗ್ ಹಾಕಿ ಉರಿ ಸಣ್ಣ ಮಾಡಬಹುದು, ಬಿಲ್ಲೆಗೆ ಆ ಭಾಗ್ಯ ಇಲ್ಲ. ಮಸಿ ಬಂದರೆ ಹತ್ತರಲ್ಲಿ ಒಂದು ಪಾಲು ನೀರು ಸೇರಿಸಿದರೆ ಸಾಕು. ದೊಡ್ಡ ಗುಂಪು, ಉದ್ದದ ದಾರಿ, ಕಾನೂನು ಪ್ರಕಾರ ಸ್ಪಿರಿಟ್ ಸಿಗುವ ಊರು, ಜೊತೆಗೆ ಕೈ ಪಳಗಿದವರೊಬ್ಬರು, ಇಷ್ಟು ಇದ್ದರೆ ನಾನೂ ನಿಮ್ಮ ಪಕ್ಷವೇ.

ಆದರೆ ಕೈ ಪಳಗಿದವರು ಅಂತ ಹೇಳಿದ್ದು ಸುಮ್ನೆ ಅಲ್ಲ. ಲ್ಯಾಬಿನಲ್ಲಿ ಸ್ಪಿರಿಟ್ ದೀಪದ ಹತ್ತಿರ ಮಕ್ಕಳನ್ನು ನಿಲ್ಲಿಸಿ ನಾನು ಮೊದಲು ಹೇಳುವುದೇ ಇದು. ಹಗಲು ಬೆಳಕಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಉರಿ ನಂದಿತು ಅಂತ ತಿಳಿದು ಬಾಟಲಿಯಿಂದ ಮತ್ತೆ ಸುರಿಯುತ್ತಾರೆ. ಒಳಗೆ ಉರಿ ಇನ್ನೂ ಇರುತ್ತದೆ. ಅದು ಸುರಿಯುವ ಧಾರೆ ಹಿಡಿದುಕೊಂಡು ಬಾಟಲಿಯ ಬಾಯಿಗೆ ಏರುತ್ತದೆ, ಬಾಟಲಿಯಲ್ಲಿದ್ದದ್ದು ಎದುರು ಕೂತವರ ಮೈಮೇಲೆ ಹಾರುತ್ತದೆ. ಸ್ಪಿರಿಟ್‌ನ ಕೆಟ್ಟ ಸುಟ್ಟಗಾಯಗಳು ಹೀಗೇ ಆಗುವುದು. ಸ್ಟವ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗದೆ ತುಂಬಲೇಬಾರದು. ದೊಡ್ಡ ಬಾಟಲಿಯನ್ನು ದೂರ ಇಟ್ಟು, ಒಂದು ಸಲಕ್ಕೆ ಬೇಕಾದಷ್ಟನ್ನು ಮಾತ್ರ ಸಣ್ಣ ಲೋಟದಲ್ಲಿ ತಂದು ಸುರಿಯಿರಿ. ನಂದಿಸುವುದು ಮುಚ್ಚಳ ಮುಚ್ಚಿ, ಊದಿ ಅಲ್ಲ.

ಪ್ರಶ್ನೆ, ಉಪ್ಪಳದಿಂದ:

ಬಡಗಿಗಳು ಪಾಲಿಶ್‌ಗೆ ಹಾಕುವ ಸ್ಪಿರಿಟ್ ಆಗಬಹುದಾ? ಇಲ್ಲದಿದ್ದರೆ ಪೈಂಟ್ ಅಂಗಡಿಯ ಥಿನ್ನರ್? ಕೊರೋನಾ ಕಾಲದ ಸ್ಯಾನಿಟೈಸರ್ ಒಂದು ಕ್ಯಾನ್ ಮನೆಯಲ್ಲಿ ಹಾಗೇ ಉಂಟು.

ಉತ್ತರ:

ಥಿನ್ನರ್ ಖಂಡಿತ ಬೇಡ. ಅದರಲ್ಲಿ ಟೊಲುಯಿನ್‌ನಂಥ ರಾಸಾಯನಿಕಗಳು ಇರುತ್ತವೆ. ಮಸಿ, ವಿಷದ ಹೊಗೆ, ಅಂಕೆಗೆ ಸಿಗದ ಉರಿ.

ಪಾಲಿಶ್ ಸ್ಪಿರಿಟ್‌ನಲ್ಲಿ ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಎಷ್ಟು ಇದೆ ಅಂತ ಬಾಟಲಿ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಮೆಥನಾಲ್ ಉರಿಯುವುದು ಚೆನ್ನಾಗಿ, ಶಾಖ ಮಾತ್ರ ಎಥನಾಲ್‌ನ ಮುಕ್ಕಾಲು ಪಾಲು. ಆದರೆ ಚರ್ಮದಿಂದಲೂ ಒಳಗೆ ಹೋಗುತ್ತದೆ, ಆವಿಯಿಂದಲೂ ಹೋಗುತ್ತದೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರ ಹಾಳು ಮಾಡುತ್ತದೆ. 2000ದಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ ಕಳ್ಳಸಾರಾಯಿ ಕುಡಿದು 30ಕ್ಕೂ ಹೆಚ್ಚು ಜನ ಸತ್ತರಲ್ಲ, ಅದು ಮೆಥನಾಲ್‌ನಿಂದಲೇ. ಟೆಂಟಿನ ಕತ್ತಲಲ್ಲಿ ಯಾರಾದರೂ ನೀರು ಅಂತ ಒಂದು ಗುಟುಕು ಕುಡಿದರೂ ಮುಗಿಯಿತು. ಸ್ಪಿರಿಟ್ ಯಾವುದೇ ಇರಲಿ, ನೀರಿನ ಬಾಟಲಿಯಲ್ಲಿ ತುಂಬಬಾರದು.

ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ 70 ಪರ್ಸೆಂಟ್ ಸುಮಾರು. ಉಳಿದದ್ದರಲ್ಲಿ ಹೆಚ್ಚಿನದು ನೀರು. ಸ್ವಲ್ಪ ಹೊತ್ತು ಉರಿದು, ತಳದಲ್ಲಿ ನೀರು ಉಳಿಸಿ ನಂದಿಹೋಗುತ್ತದೆ. ಐಸೊಪ್ರೊಪೈಲ್ ಬಗೆಯದ್ದಾದರೆ ಹಳದಿ ಜ್ವಾಲೆ, ಕಪ್ಪು ಪಾತ್ರೆ. ಕೈ ತೊಳೆಯಲಿಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ, ಪೈವಳಿಕೆಯಿಂದ:

ನಮ್ಮ ಕಾಸರಗೋಡಿನ ಗುಡ್ಡಗಳಾದ ಪೊಸಡಿಗುಂಪೆಯಲ್ಲಿ, ರಾಣಿಪುರದಲ್ಲಿ ಈ ಸ್ಟವ್ ಉರಿಸಬಹುದಾ ಸರ್?

ಉತ್ತರ:

ರಾಣಿಪುರ ಅರಣ್ಯ ಇಲಾಖೆಯ ಜಾಗ. ಬೆಂಕಿ ಹಚ್ಚುವ ಮಾತೇ ಬೇಡ, ಸ್ಟವ್ ಸಣ್ಣದಾದರೂ ಅದು ಬೆಂಕಿಯೇ. ಸುಬ್ರಹ್ಮಣ್ಯದ ಕುಮಾರ ಪರ್ವತಕ್ಕೂ ಇದೇ ಮಾತು, ಅದು ಪುಷ್ಪಗಿರಿ ವನ್ಯಧಾಮದೊಳಗೆ ಬರುತ್ತದೆ. ಪೊಸಡಿಗುಂಪೆಯ ಮೇಲೆ ಡಿಸೆಂಬರ್ ದಾಟಿದರೆ ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಗಾಳಿಯೂ ಜೋರು. ಸ್ಪಿರಿಟ್ ಸ್ಟವ್ ಒಮ್ಮೆ ಮಗುಚಿದರೆ ಉರಿಯುವ ದ್ರವ ಹುಲ್ಲಿನ ಬುಡಕ್ಕೇ ಹರಿಯುತ್ತದೆ. ಬಿಲ್ಲೆ ಬಿದ್ದರೆ ಬಿದ್ದಲ್ಲೇ ಉರಿಯುತ್ತದೆ, ಆದರೆ ಒಣಹುಲ್ಲಿಗೆ ಅಷ್ಟೇ ಧಾರಾಳ ಸಾಕು. ಅಲ್ಲಿಗೆ ಫ್ಲಾಸ್ಕಿನಲ್ಲಿ ಚಾ ತಕ್ಕೊಂಡು ಹೋಗಿ.

ಪ್ರಶ್ನೆ, ಕುಂಬಳೆಯಿಂದ:

ನಾವು ಆರು ಜನ ಮೇ ತಿಂಗಳಲ್ಲಿ ಹಿಮಾಚಲಕ್ಕೆ. ಮಂಗಳೂರಿನಿಂದ ರೈಲು. ಬಿಲ್ಲೆ ಬ್ಯಾಗಿನಲ್ಲಿ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಬ್ಬರು ಹೇಳಿದರು.

ಉತ್ತರ:

ಆ ಒಬ್ಬರ ಮಾತು ಕೇಳಬೇಡಿ. ಬೆಂಕಿ ಹಿಡಿಯುವ ವಸ್ತುವನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಆಗಬಹುದು. ವಿಮಾನದಲ್ಲೂ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಬಿಲ್ಲೆ, ಸ್ಪಿರಿಟ್, ಗ್ಯಾಸ್ ಎಲ್ಲದಕ್ಕೂ ಒಂದೇ ನಿಯಮ. ಖಾಲಿ ಸ್ಟವ್ ಮಾತ್ರ ತಕ್ಕೊಂಡು ಹೋಗಿ, ಇಂಧನ ಅಲ್ಲೇ ಖರೀದಿಸಿ. ಆರು ಜನಕ್ಕೆ, ಆ ಚಳಿಗೆ, ನಿಜವಾಗಿ ಗ್ಯಾಸೇ ಸರಿ. ಎಥನಾಲ್ ಸುಮಾರು 13 ಡಿಗ್ರಿಗಿಂತ ಕೆಳಗೆ ಸುಲಭದಲ್ಲಿ ಹತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಬಾಟಲಿಯನ್ನು ಜಾಕೆಟಿನೊಳಗೆ ಬಿಸಿ ಮಾಡಿಕೊಂಡು ಕಡ್ಡಿ ಗೀರುತ್ತಾ ಕೂರಬೇಕು. ಬಿಲ್ಲೆ ಚಳಿಯಲ್ಲೂ ಹತ್ತುತ್ತದೆ, ಆದರೆ ಆರು ಜನರ ನೀರಿಗೆ ಅದರ ಶಕ್ತಿ ಸಾಲದು. ಟೆಂಟಿನ ಬಾಗಿಲು ಮುಚ್ಚಿ ಯಾವ ಸ್ಟವ್ವನ್ನೂ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಪ್ರಶ್ನೆ, ಮತ್ತೆ ಬದಿಯಡ್ಕದಿಂದ:

ಬಿಲ್ಲೆಯೇ ಅಂತ ಆಯಿತು ಮಾಷ್ಟ್ರೇ, ಭಾವನೂ ಒಪ್ಪಿದರು. ಅವಲಕ್ಕಿಗೆ ಮಾತ್ರ ಸ್ವಲ್ಪ ಮುಖ ಸಿಂಡರಿಸಿದ್ದಾರೆ. ಇನ್ನೊಂದು ಕೇಳಲಿಕ್ಕುಂಟು. ಚಾಕ್ಕೆ ಅರ್ಧ ಬಿಲ್ಲೆ ಸಾಕಾದರೆ ಉಳಿದ ಅರ್ಧವನ್ನು ಇಟ್ಟುಕೊಳ್ಳಬಹುದಾ?

ಉತ್ತರ:

ಬಹುದು. ಒಂದು ಸಣ್ಣ ಡಬ್ಬಿ ಕವುಚಿ ಹಾಕಿದರೆ ನಂದುತ್ತದೆ. ಪೂರ್ತಿ ತಣ್ಣಗಾದ ಮೇಲೆ ಗಾಳಿ ಆಡದ ಡಬ್ಬಿಯಲ್ಲಿ ಹಾಕಿ. ಹೊರಗೆ ಇಟ್ಟರೆ ರಾತ್ರಿಯ ಇಬ್ಬನಿಗೆ ಥಂಡಿ ಹಿಡಿಯುತ್ತದೆ, ಬೆಳಿಗ್ಗೆ ಹಚ್ಚುವಾಗ ಚಟಪಟ ಸಿಡಿಯುತ್ತದೆ. ಒಂದು ಲೋಟ ಚಾಕ್ಕೆ ಮೊದಲೇ ಬಿಲ್ಲೆಯನ್ನು ಚಾಕುವಿನಿಂದ ಎರಡು ಮಾಡಿಟ್ಟುಕೊಂಡರೆ ಇನ್ನೂ ಸಲೀಸು. ಹೊರಡುವ ಮೊದಲು ಮನೆಯ ಅಂಗಳದಲ್ಲಿ ಅದೇ ಪಾತ್ರೆ, ಅದೇ ಮರೆ ಇಟ್ಟು ಒಂದು ಸಲ ನೀರು ಕುದಿಸಿ ನೋಡಿ. ಗಾಳಿಗೆ ಮರೆಯಾಗಿ ಹಳೆಯ ಎಣ್ಣೆ ಟಿನ್ನಿನ ತಗಡು ಕತ್ತರಿಸಿಕೊಂಡರೆ ಸಾಕು, ಕೆಳಗೆ ಗಾಳಿ ಬರಲು ನಾಲ್ಕು ತೂತು ಇರಲಿ. ಭಾವನಿಗೆ ಅವಲಕ್ಕಿ ಬೇಡದಿದ್ದರೆ ರವೆಗೆ ಸ್ವಲ್ಪ ಗೇರುಬೀಜ ಜಾಸ್ತಿ ಹಾಕಿ.