‘ಮೈಸೆಲ್ಫ್’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಪೆರ್ಲದ ಹುಡುಗಿ:
ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಈಗ ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಗ್ರಾಮರ್‌ನಲ್ಲಿ ಮೈಸೆಲ್ಫ್, ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ಬಂದರೆ ತಲೆ ಕೆಡುತ್ತದೆ. ಇಂಟರ್‌ವ್ಯೂನಲ್ಲಿ ‘ಮೈಸೆಲ್ಫ್’ ಅಂತ ಶುರು ಮಾಡಿ ಹೆಸರು ಹೇಳಬೇಡಿ ಅನ್ನುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ‘ಕೊಂಡ’ ಬಂದಲ್ಲೆಲ್ಲ ಇಂಗ್ಲಿಷಲ್ಲಿ ಸೆಲ್ಫ್ ಹಾಕಿದರೆ ಸರಿಯಾಗುತ್ತದಾ?

ಬದಿಯಡ್ಕದ ನಿವೃತ್ತ ಟೀಚರ್:
ಆಗುವುದಿಲ್ಲ ಮಗಳೇ. ಕನ್ನಡದಲ್ಲಿ ಕಲಿತ ಮಕ್ಕಳು ಎಡವುವುದು ಅಲ್ಲೇ. ‘ಅಡಿಕೆ ಸುಲಿಯುವಾಗ ಅವನು ಗಾಯ ಮಾಡಿಕೊಂಡ’ ಅಂದರೆ ‘ಹಿ ಹರ್ಟ್ ಹಿಮ್‌ಸೆಲ್ಫ್’. ಮಾಡಿದವನೂ ಅವನೇ, ಗಾಯ ಆದದ್ದೂ ಅವನಿಗೇ. ‘ಹಿ ಹರ್ಟ್ ಹಿಮ್’ ಅಂತ ಬರೆದರೆ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದವನಿಗೆ ಗಾಯ ಮಾಡಿದ ಅಂತಾಗುತ್ತದೆ! ಆದರೆ ‘ಕೂತುಕೊಂಡ’ ಅನ್ನಲು ‘ಸ್ಯಾಟ್’ ಸಾಕು, ‘ಗಡ್ಡ ಬೋಳಿಸಿಕೊಂಡ’ ಅನ್ನಲು ‘ಶೇವ್ಡ್’ ಸಾಕು. ಅಲ್ಲಿ ಸೆಲ್ಫ್ ಬೇಡ.

ಇನ್ನು ಕೆಲವು ಕಡೆ ನಮ್ಮಲ್ಲಿ ‘ಕೊಂಡ’ ಇರುವುದಿಲ್ಲ, ಇಂಗ್ಲಿಷಿಗೆ ಸೆಲ್ಫ್ ಬೇಕು. ‘ಕುಂಬಳೆ ಬೆಡಿಗೆ (ಜಾತ್ರೆಯ ಸಿಡಿಮದ್ದು ನೋಡಲು) ಹೋಗಿ ಖುಷಿಪಟ್ಟೆವು’ ಅನ್ನಲು ‘ವಿ ಎಂಜಾಯ್ಡ್’ ಅಂತ ನಿಲ್ಲಿಸಬಾರದು, ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಅನ್ನಬೇಕು. ಹಾಗಾಗಿ ‘ಕೊಂಡ’ ಹುಡುಕುತ್ತಾ ಹೋಗಬೇಡ. ಕ್ರಿಯಾಪದದ ಜೊತೆಗೇ ಕಲಿ.

ಇಂಟರ್‌ವ್ಯೂ ವಿಷಯ. ಸೆಲ್ಫ್ ಪದ ಒಂಟಿಯಾಗಿ ಕರ್ತೃವಿನ ಜಾಗದಲ್ಲಿ ಕೂರುವುದಿಲ್ಲ. ಮೊದಲು ‘ಐ’ ಬರಬೇಕು, ಅದೇ ಆಳನ್ನು ಮತ್ತೆ ತೋರಿಸಲು ‘ಮೈಸೆಲ್ಫ್’. ಹೆಸರು ಹೇಳಲು ‘ಐ ಆ್ಯಮ್’ ಸಾಕು. ‘ಕಾಲ್ ಮೈ ಫಾದರ್ ಆರ್ ಮೈಸೆಲ್ಫ್’ ಅನ್ನುವವರೂ ಇದ್ದಾರೆ, ಹಾಗೆ ಹೇಳಿದರೆ ಮರ್ಯಾದೆ ಜಾಸ್ತಿ ಅಂತ. ಫಾದರನ್ನು ತೆಗೆದು ಓದಿ ನೋಡು. ‘ಕಾಲ್ ಮೈಸೆಲ್ಫ್’ ಅಂತ ಯಾರೂ ಹೇಳುವುದಿಲ್ಲ, ‘ಕಾಲ್ ಮಿ’ ಅನ್ನುತ್ತಾರೆ. ಅದೇ ‘ಮಿ’ ಇಲ್ಲೂ ಸರಿ.

ಉಪ್ಪಳದಿಂದ, ಟ್ಯೂಷನ್ ಕೊಡುವವನು:
ಟೀಚರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾವು ದೊಡ್ಡವರಿಗೆ, ಅವರು ಒಬ್ಬರೇ ಇದ್ದರೂ, ‘ನೀವು’ ಅನ್ನುತ್ತೇವೆ. ಅದನ್ನು ನೋಡಿ ಮಕ್ಕಳು ‘ಯುವರ್‌ಸೆಲ್ವ್ಸ್’ ಬರೆಯುತ್ತಾರೆ. ಇಂಗ್ಲಿಷಿಗೆ ತಲೆ ಎಣಿಕೆ ಮಾತ್ರ ಮುಖ್ಯ. ಹೆಡ್‌ಮಾಸ್ಟ್ರು ಒಬ್ಬರಾದರೆ ‘ಯುವರ್‌ಸೆಲ್ಫ್’, ಇಡೀ ಕ್ಲಾಸಿಗೆ ‘ಯುವರ್‌ಸೆಲ್ವ್ಸ್’. ಮತ್ತೆ, ಆಯ್ಕೆಗಳಲ್ಲಿ ‘ಹಿಸ್‌ಸೆಲ್ಫ್’, ‘ದೇರ್‌ಸೆಲ್ವ್ಸ್’ ಕಂಡರೆ ಅಲ್ಲೇ ಹೊಡೆದು ಹಾಕಿ.

ಪೆರ್ಲದ ಹುಡುಗಿ:
ತುಂಬಾ ಉಪಕಾರ ಆಯ್ತು. ಹಾಗಾದರೆ ‘ಅವಳು ತನ್ನ ಜೊತೆ ಕೊಡೆ ತಂದಳು’ ಅನ್ನಲು ‘ವಿತ್ ಹರ್‌ಸೆಲ್ಫ್’ ಸರಿ ಅಲ್ವಾ? ‘ತನ್ನ’ ಇದೆಯಲ್ಲ. ಮತ್ತೆ ‘ಐ ಮೈಸೆಲ್ಫ್’ ಅಂತ ಒಟ್ಟಿಗೆ ಬರುವುದು ಹೇಗೆ?

ಬದಿಯಡ್ಕದ ನಿವೃತ್ತ ಟೀಚರ್:
ಒಳ್ಳೇ ಪ್ರಶ್ನೆ. ಅಲ್ಲಿ ‘ವಿತ್ ಹರ್’ ಸಾಕು. ವಸ್ತು ಯಾರ ಹತ್ತಿರ, ಯಾರ ಹಿಂದೆ, ಯಾರ ಜೊತೆ ಅಂತ ಹೇಳುವಾಗ ಇಂಗ್ಲಿಷ್ ಸಾಮಾನ್ಯವಾಗಿ ಸೆಲ್ಫ್ ಹಾಕುವುದಿಲ್ಲ. ‘ಹಿ ಲುಕ್ಡ್ ಬಿಹೈಂಡ್ ಹಿಮ್’, ಅಷ್ಟೇ. ನಮ್ಮ ‘ತನ್ನ’ ಅಲ್ಲಿ ದಾರಿ ತಪ್ಪಿಸುತ್ತದೆ.

‘ಐ ಮೈಸೆಲ್ಫ್ ಕುಕ್ಡ್ ಇಟ್’ ಅಂದರೆ ‘ನಾನೇ ಅಡುಗೆ ಮಾಡಿದ್ದು’. ನಮ್ಮ ‘ಏ’ ಮಾಡುವ ಕೆಲಸ ಅದು, ಒತ್ತು ಕೊಡುವುದು. ತೆಗೆದರೂ ವಾಕ್ಯ ನಿಲ್ಲುತ್ತದೆ. ‘ಬೈ ಮೈಸೆಲ್ಫ್’ ಆದರೆ ‘ಒಬ್ಬಳೇ’, ಯಾರ ಸಹಾಯವೂ ಇಲ್ಲದೆ. ಹಳೇ ಪಿಎಸ್‌ಸಿ ಪ್ರಶ್ನೆಪತ್ರಿಕೆ ತೆಗೆದು ಪ್ರತಿ ಸೆಲ್ಫ್ ಪದಕ್ಕೂ ಬೆರಳಿಟ್ಟು ‘ಇದು ಯಾರನ್ನು ತೋರಿಸುತ್ತದೆ’ ಅಂತ ಕೇಳಿಕೊ. ಸಿಕ್ಕಿಹಾಕಿಕೊಂಡರೆ ಆ ವಾಕ್ಯ ಇಲ್ಲೇ ಹಾಕು, ನೋಡೋಣ.