ಸಹಾಯ ಬೇಕು: ಸ್ಯಾನ್ ಸ್ಟಾರ್ಮ್ ಕಾರಿನ ಫೈಬರ್ ಬಾಡಿ

ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ನನ್ನ ಹತ್ತಿರ ಹಳೇ ಸ್ಯಾನ್ ಸ್ಟಾರ್ಮ್ ಇದೆ. ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಓಪನ್ ಕಾರು, ರೆನೋದ 1149 ಸಿಸಿ ಎಂಜಿನ್, ಬಾಡಿ ಫೈಬರ್. ಎಂಜಿನ್ ಬಗ್ಗೆ ಚಿಂತೆ ಇಲ್ಲ.

ಹೋದ ತಿಂಗಳು ಎಡಗಡೆ ಮುಂದಿನ ಚಕ್ರದ ಮೇಲ್ಭಾಗಕ್ಕೆ ತೆಂಗಿನಕಾಯಿ ಬಿತ್ತು. ಒಂದೇ ಒಂದು ಕಾಯಿ, ಮಾರಾಯ್ರೇ! ತಗಡಾಗಿದ್ದರೆ ನೆಗ್ಗುತ್ತಿತ್ತು, ಇದು ಬಿರಿಯಿತು. ಉಜ್ಜಿ ನೋಡಿದರೆ ಒಳಗೆ ಬೆರಳು ದಪ್ಪ ಪುಟ್ಟಿ, ಹಿಂದಿನ ಓನರ್ ಕಾಲದ್ದು. ನಾಣ್ಯದಲ್ಲಿ ತಟ್ಟಿದರೆ ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿರುಕಿನ ಸುತ್ತ ಒಂದು ಗೇಣು ಬರೀ ಬದ್ ಬದ್. ಪದರ ಬಿಟ್ಟಿದೆ. ಮತ್ತೆ ಪುಟ್ಟಿ ಮೆತ್ತುವ ಮನಸ್ಸಿಲ್ಲ. ಆ ಭಾಗ ಕತ್ತರಿಸಿ ಹೊಸ ತುಂಡು ಕೂರಿಸಬೇಕು.

ಬಲಗಡೆಯಿಂದ ಅಚ್ಚು ತೆಗೆದರೆ ಉಲ್ಟಾ ಆಗುತ್ತದಲ್ವಾ? ಹಾಗಾಗಿ ಮಂಗಳೂರು, ಕಾಸರಗೋಡು, ಕಣ್ಣೂರು ಕಡೆ ಯಾರ ಹತ್ತಿರವಾದರೂ ಇದೇ ಕಾರು ಇದ್ದರೆ ಎರಡು ದಿನ ಕೊಡುತ್ತೀರಾ? ವ್ಯಾಕ್ಸ್ ಹಚ್ಚಿಯೇ ಅಚ್ಚು ತೆಗೆಯುತ್ತೇನೆ, ಪೇಂಟಿಗೆ ಏನಾದರೂ ಆದರೆ ಖರ್ಚು ನನ್ನದು.

ಇಲ್ಲಿ ಮೀನಿನ ದೋಣಿಗೆ ಫೈಬರ್ ಹಾಕುವವರು ಒಪ್ಪಿದ್ದಾರೆ. ಕೈ ಒಳ್ಳೆಯದೇ, ಆದರೆ ಅವರಿಗೆ ದಪ್ಪ ಹಾಕಿ ಅಭ್ಯಾಸ. ಕಾರಿಗೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಗಾಜಿನ ನಾರಿನ ಮ್ಯಾಟ್ ಎಷ್ಟು ಪದರ ಸಾಕು? ನಾರನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಹಳೆಯದಕ್ಕೆ ಜೋಡಿಸಲು ಎಪಾಕ್ಸಿಯೇ ಗಟ್ಟಿ ಅಂತ ನನ್ನ ಲೆಕ್ಕ. ಆಮೇಲೆ ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲವಲ್ಲ, ಅದಕ್ಕೇನು ಮಾಡುತ್ತೀರಿ? ಈ ಮಳೆಯ ತೇವದಲ್ಲಿ ಕೆಲಸ ಶುರು ಮಾಡಲೋ, ದೀಪಾವಳಿ ಕಳೆಯಲೋ? ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.